ಅರ್ಧ ಸೌಟು

ಹೋದ ಭಾನುವಾರ ಮಧ್ಯಾಹ್ನ ಶಂಕರಪುರದ ನಮ್ಮ ಮನೆಯಿಂದ ಎರಡು ರಸ್ತೆ ಆಚೆಗಿರುವ ಛತ್ರದ ಹಿಂಬದಿಯಿಂದ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಉಂಡೆದ್ದ ಬಾಳೆಲೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಸಿಲಿಗೆ ಬಿಟ್ಟಾಗ ಏಳುವ ವಾಸನೆ. ಮೊದಲು ಹಸಿರೆಲೆಯದು, ಅದರಡಿ ಹುಳಿಯದು, ಅದರಡಿ ಮಜ್ಜಿಗೆಯದು, ಎಲ್ಲಕ್ಕಿಂತ ಕೆಳಗೆ ಹೆಸರಿಡಲಾಗದ ಒಂದು ಸಿಹಿ ಕೊಳಕು. ಬೇರೆಯವರು ಮೂಗು ಮುಚ್ಚಿಕೊಂಡು ದಾಟಿದರು. ನಾನು ನಿಂತೆ. ಆ ವಾಸನೆ ಬಂದರೆ ನನಗೆ ಹೊಟ್ಟೆಕಿಚ್ಚು ಬರುತ್ತದೆ. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು, ಆದರೆ ನಿಜ. ಏಳು ವರ್ಷ ಹಳೆಯ ಹೊಟ್ಟೆಕಿಚ್ಚು, ಇನ್ನೂ ಆರಿಲ್ಲ...

ಅದಕ್ಕೆ ಕಾರಣನಾದವನು ನನ್ನ ಜೋಡಿ. ಜೋಡಿ ಅಂದರೆ ಚರ್ಚಾಸ್ಪರ್ಧೆಯ ಜೋಡಿ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆ ನೋಡಿಲ್ಲದವರಿಗೆ ಇಷ್ಟು ಹೇಳಬೇಕು: ಪ್ರತಿ ಕಾಲೇಜಿನಿಂದ ಇಬ್ಬರು ಹೋಗುತ್ತಾರೆ. ಒಬ್ಬ ವಿಷಯದ ಪರ ಮಾತಾಡಬೇಕು, ಇನ್ನೊಬ್ಬ ವಿರೋಧ. ಕೊನೆಗೆ ಇಬ್ಬರ ಅಂಕ ಕೂಡಿಸಿ ಶೀಲ್ಡ್ ಕೊಡುತ್ತಾರೆ. ಹಾಗಾಗಿ ವೇದಿಕೆಯ ಮೇಲೆ ನಿಮ್ಮ ಮಾತನ್ನು ತುಂಡು ತುಂಡು ಮಾಡಿದವನೇ ವಾಪಸ್ಸು ಬರುವಾಗ ಬಸ್ಸಿನಲ್ಲಿ ನಿಮ್ಮ ಪಕ್ಕ ಕೂತು ಆ ಶೀಲ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಿರುತ್ತಾನೆ. ಅವನು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ಯಾರೂ ಹಂಚಿಕೊಟ್ಟಿದ್ದಲ್ಲ. ಸ್ವಭಾವವೇ ಹಂಚಿತ್ತು.

ಸಂಜೆ ಕಾಲೇಜು ಬಿಟ್ಟ ಮೇಲೆ ಬ್ಯೂಗಲ್ ರಾಕ್ ಪಾರ್ಕಿನ ಒಂದು ಕಲ್ಲುಬೆಂಚಿನ ಮೇಲೆ ನಮ್ಮ ಅಭ್ಯಾಸ. ವಾಕಿಂಗಿಗೆ ಬಂದ ಹಿರಿಯರು ಇವರಿಬ್ಬರು ಆಸ್ತಿಗಾಗಿ ಕಿತ್ತಾಡುತ್ತಿದ್ದಾರೆ ಅಂದುಕೊಂಡು ಸಮಾಧಾನ ಮಾಡಲು ಬಂದದ್ದೂ ಉಂಟು. ಜೋಡಿಗಳ ನಡುವೆ ಒಂದು ಕಟ್ಟಳೆ ಇತ್ತು. ಎಲ್ಲೂ ಬರೆದಿಟ್ಟದ್ದಲ್ಲ, ಸೀನಿಯರ್‌ಗಳು ಬಾಯಿಂದ ಬಾಯಿಗೆ ದಾಟಿಸಿದ್ದು. ಅಭ್ಯಾಸದಲ್ಲಿ ಏನನ್ನೂ ಬಚ್ಚಿಡಬಾರದು. ಜೋಡಿಯ ಮಾತಿನಲ್ಲಿ ತೂತು ಕಂಡರೆ ಅಲ್ಲೇ, ಆಗಲೇ, ಮುಲಾಜಿಲ್ಲದೆ ಹೇಳಬೇಕು. ಪಾರ್ಕಿನಲ್ಲಿ ಮುರಿದ ವಾದವನ್ನು ರಿಪೇರಿ ಮಾಡಿಕೊಳ್ಳಬಹುದು, ವೇದಿಕೆಯಲ್ಲಿ ಮುರಿದದ್ದಕ್ಕೆ ರಿಪೇರಿ ಇಲ್ಲ. ಎರಡೂವರೆ ವರ್ಷ ನಾವಿಬ್ಬರೂ ಅದನ್ನು ಪಾಲಿಸಿದೆವು. ನನ್ನ ವಾದಗಳು ಎಷ್ಟು ಸಲ ಆ ಬೆಂಚಿನ ಮೇಲೆ ಸತ್ತಿವೆಯೋ ಲೆಕ್ಕವಿಲ್ಲ. ಅವನು ಕೊಂದದ್ದೇ ಎಲ್ಲ.

ನಾನು ಅವನಿಗಿಂತ ಚೆನ್ನಾಗಿ ಮಾತಾಡುತ್ತಿದ್ದೆ. ಇದು ಜಂಬವಲ್ಲ, ಪ್ರಮಾಣಪತ್ರಗಳಿವೆ. ಅತ್ಯುತ್ತಮ ಭಾಷಣಕಾರ ಅಂತ ನನ್ನ ಹೆಸರೇ ಕೂಗುತ್ತಿದ್ದರು. ಅವನಿಗೆ ಎರಡನೆಯದೋ ಮೂರನೆಯದೋ, ಕೆಲವು ಸಲ ಅದೂ ಇಲ್ಲ. ಆದರೆ ತೀರ್ಪುಗಾರರು ನನ್ನ ಕೈ ಕುಲುಕಿ, ಆಮೇಲೆ ಹೋಗಿ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದರು. ಕೈ ಕುಲುಕುವುದಕ್ಕೂ ಹೆಗಲ ಮೇಲೆ ಕೈ ಹಾಕುವುದಕ್ಕೂ ಏನು ವ್ಯತ್ಯಾಸ ಅಂತ ಕೇಳುವವರು ಪುಣ್ಯವಂತರು. ಅವರಿಗೆ ಹೊಟ್ಟೆಕಿಚ್ಚಿನ ಅನುಭವವಿಲ್ಲ.

ಅವನ ಮನೆ ತ್ಯಾಗರಾಜನಗರದಲ್ಲಿ. ತಾಯಿ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದರು. ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೊಪ್ಪಿನ ಹೊರೆ ತಂದು ಅಮ್ಮನ ಮುಂದೆ ಇಳಿಸಿ, ಕಟ್ಟು ಬಿಚ್ಚಿ, ನೀರು ಚಿಮುಕಿಸಿ, ಆಮೇಲೆ ಅವನು ಕಾಲೇಜಿಗೆ ಬರುತ್ತಿದ್ದ. ಮೈಕ್ ಹಿಡಿದ ಅವನ ಉಗುರಿನ ಸಂದಿಯಲ್ಲಿ ಮಣ್ಣು ಇರುತ್ತಿತ್ತು. ಅದರ ಬಗ್ಗೆ ಅವನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಎರಡರಲ್ಲಿ ಒಂದು ಇದ್ದಿದ್ದರೂ ನಾನು ಅವನನ್ನು ಸುಲಭವಾಗಿ ಸಹಿಸಿಕೊಳ್ಳುತ್ತಿದ್ದೆ.

ಮೊದಲ ಸಲ ನಮ್ಮ ಮನೆಗೆ ಬಂದಾಗ ನಮ್ಮಪ್ಪ ಅವನ ಜೊತೆ ಮುಕ್ಕಾಲು ಗಂಟೆ ದಂಟಿನ ಸೊಪ್ಪಿನ ವಿಷಯ ಮಾತಾಡಿದರು. ನನ್ನ ಶೀಲ್ಡುಗಳನ್ನು ಒಂದು ದಿನವೂ ಕೈಗೆ ತೆಗೆದುಕೊಂಡು ನೋಡದ ನಮ್ಮಪ್ಪ. ಅವನು ಹೋದ ಮೇಲೆ ಅಮ್ಮ ಕಾಫಿ ಲೋಟ ತೆಗೆಯುತ್ತಾ, ಆ ಹುಡುಗ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ ಅಂದಳು.

"ಕೇಳಿಸ್ಕೊಳ್ಳೋದಕ್ಕೆ ಯಾರೂ ಪ್ರೈಜ್ ಕೊಡಲ್ಲಮ್ಮ," ಅಂದೆ.

"ಅದಕ್ಕೇ ನೀನು ಕಲ್ತಿಲ್ಲ," ಅಂದಳು ಅಮ್ಮ.

ನನ್ನ ಮನೆಯಲ್ಲೇ, ನನ್ನ ಅಮ್ಮನ ಬಾಯಲ್ಲೇ ಸೋತೆ. ಎದುರಾಳಿ ಆಗಲೇ ಬಸ್ಸು ಹತ್ತಿ ಹೋಗಿದ್ದ.

ಕೊನೆಯ ವರ್ಷ ನಮ್ಮ ಕಾಲೇಜಿನ ಪರಿಸರ ಕೂಟದವರು ಒಂದು ಸೂಚನೆ ಹಾಕಿದರು. ಆಹಾರ ಮತ್ತು ಪರಿಸರದ ಬಗ್ಗೆ ದೆಹಲಿಯಲ್ಲಿ ವಿದ್ಯಾರ್ಥಿಗಳ ದೊಡ್ಡ ಸಮಾವೇಶ, ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಬರುತ್ತಾರೆ, ನಮ್ಮ ಕಾಲೇಜಿನಿಂದ ಒಬ್ಬರಿಗೆ ಅವಕಾಶ. ಆಸಕ್ತರು ಎರಡು ತಿಂಗಳು ಏನಾದರೂ ಜಾಗೃತಿ ಕಾರ್ಯಕ್ರಮ ನಡೆಸಬೇಕು. ಕೊನೆಗೆ ಸಭಾಂಗಣದಲ್ಲಿ ಎಲ್ಲರ ಮುಂದೆ ಅದನ್ನು ಮಂಡಿಸಬೇಕು, ಯಾರು ಏನು ಪ್ರಶ್ನೆ ಕೇಳಿದರೂ ಉತ್ತರಿಸಬೇಕು. ಕೂಟವನ್ನು ನೋಡಿಕೊಳ್ಳುತ್ತಿದ್ದ ಮೇಡಂ ನಮ್ಮಿಬ್ಬರನ್ನೂ ಕರೆದು, ಜೋಡಿಯಾಗಿ ಅಲ್ಲ, ಬೇರೆ ಬೇರೆಯಾಗಿ ಹೆಸರು ಕೊಡಿ ಅಂದರು. ನನಗೆ ಬೇಕಾಗಿದ್ದೂ ಅದೇ.

ಜಾಗೃತಿ ಎನ್ನುವ ಪದದ ಮೇಲೆ ನನಗೆ ಆಗಲೂ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಊಟ ದಂಡ ಮಾಡುವವರಿಗೆ ದಂಡ ಮಾಡುತ್ತಿದ್ದೇವೆ ಅಂತ ಗೊತ್ತಿರುತ್ತದೆ. ಆದರೂ ಆ ಅವಕಾಶ ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಭೂಮಿಯ ಮೇಲಿನ ಪ್ರೀತಿಯಿಂದ ಅಂತ ಆಗ ಅರ್ಜಿಯಲ್ಲಿ ಬರೆದಿದ್ದೆ. ಸುಳ್ಳು. ಒಂದು ಸಲವಾದರೂ ಅವನಿಲ್ಲದೆ, ಅವನೆದುರು, ನಾನೊಬ್ಬನೇ ಗೆಲ್ಲಬೇಕಿತ್ತು. ಅಷ್ಟೇ.

ನನ್ನ ಕಾರ್ಯಕ್ರಮ ಕ್ಯಾಂಟೀನಿನಲ್ಲಿ. ನಲವತ್ತು ಸ್ಲೈಡುಗಳು. ಪ್ರಪಂಚ ಬೆಳೆಯುವ ಆಹಾರದಲ್ಲಿ ಎಷ್ಟು ಪಾಲು ಕಸಕ್ಕೆ ಹೋಗುತ್ತದೆ, ಎಸೆದ ಅನ್ನ ಕೊಳೆತು ಮೀಥೇನ್ ಹೇಗಾಗುತ್ತದೆ, ಒಂದು ಹಿಡಿ ಅಕ್ಕಿಯ ಹಿಂದೆ ಎಷ್ಟು ನೀರಿದೆ, ಒಂದು ಖಂಡದಲ್ಲಿ ಬೊಜ್ಜು ಮತ್ತೊಂದು ಖಂಡದಲ್ಲಿ ಹಸಿವು ಯಾಕೆ. ಒಂದೊಂದು ವಾಕ್ಯವನ್ನೂ ಕನ್ನಡಿ ಮುಂದೆ ನಿಂತು ತಿದ್ದಿಕೊಂಡಿದ್ದೆ. ಮುಗಿದಾಗ ಕ್ಯಾಂಟೀನ್ ನಿಶ್ಶಬ್ದವಾಗಿತ್ತು. ಗೆದ್ದೆ ಅಂದುಕೊಂಡೆ. ಆಗ ಮೂಲೆಯಲ್ಲಿ ಕೂತಿದ್ದ ಬಿಕಾಂ ಹುಡುಗನೊಬ್ಬ ಕೈ ಎತ್ತಿದ.

"ಗುರು, ನೀನು ಹೇಳಿದ್ದೆಲ್ಲಾ ಕರೆಕ್ಟು. ಈಗ ಈ ಪಫ್ ತಿನ್ಲಾ, ಬಿಡ್ಲಾ? ಅದೊಂದು ಹೇಳ್ಬಿಡು."

ಎಲ್ಲರೂ ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಜೋಡಿಯೂ ನಕ್ಕ. ಆಮೇಲೆ ನನ್ನ ಹತ್ತಿರ ಬಂದು, ಅವನು ಕೇಳಿದ್ದು ತಮಾಷೆಗಲ್ಲ ಕಣೋ, ನಿಜವಾಗಿಯೂ ಕೇಳಿದ್ದು, ನಿನ್ನ ಮಾತಲ್ಲಿ ಅವನಿಗೆ ಮಾಡೋಕೆ ಏನೂ ಕೆಲಸ ಇರಲಿಲ್ಲ ಅಂದ. ಕಟ್ಟಳೆಯ ಪ್ರಕಾರ ಕಂಡ ತೂತನ್ನು ಹೇಳಿದ್ದ. ನಾನು ಥ್ಯಾಂಕ್ಸ್ ಹೇಳಿದೆ. ಆ ರಾತ್ರಿ ಊಟ ಸೇರಲಿಲ್ಲ.

ಅವನು ಸ್ಲೈಡು ಮಾಡಲಿಲ್ಲ. ಅವನು ಹೋಗಿದ್ದು ಚಾಮರಾಜಪೇಟೆಯ ಒಂದು ಮದುವೆ ಛತ್ರಕ್ಕೆ. ಅಲ್ಲಿ ಅಡುಗೆ ಗುತ್ತಿಗೆ ಹಿಡಿದಿದ್ದ ಭಟ್ಟರ ಹತ್ತಿರ ನಾಲ್ಕು ಸಂಜೆ ಹೋಗಿ ಕೂತ. ವಾದ ಮಾಡಲಿಲ್ಲ, ಅವರ ಜೊತೆ ಕೂತು ಬೀನ್ಸ್ ಹೆಚ್ಚಿದ. ಐದನೆಯ ಸಂಜೆ ವಿಷಯ ತೆಗೆದ. ಮದುವೆ ಊಟದಲ್ಲಿ ಎಲೆಯ ಮೇಲೆ ಅಷ್ಟೊಂದು ಉಳಿಯುವುದು ಜನರ ದುರಾಸೆಯಿಂದಲ್ಲ ಅಂತ ಅವನ ವಾದ. ಬಡಿಸುವವರು ಕೇಳುವುದಿಲ್ಲ. ಬೇಡ ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಸಂಕೋಚ ಅಂದುಕೊಂಡು ಬೆರಳ ಸಂದಿಯಿಂದಲೇ ಸುರಿಯುತ್ತಾರೆ. ಅದನ್ನು ಬದಲಿಸಬೇಕು. ಒಂದು ಸೌಟು ಹಾಕುವ ಕಡೆ ಅರ್ಧ ಸೌಟು ಹಾಕಬೇಕು.

ಭಟ್ಟರು ಮೊದಲು ಒಪ್ಪಲಿಲ್ಲವಂತೆ. "ಅರ್ಧ ಸೌಟು ಹಾಕಿದ್ರೆ ಹೆಣ್ಣಿನ ಕಡೆಯವ್ರು ಜಿಪುಣರು ಅಂತ ಊರೆಲ್ಲಾ ಮಾತಾಗತ್ತಪ್ಪ. ಆಮೇಲೆ ನನ್ನ ಯಾರು ಕರೀತಾರೆ?" ಅಂದರಂತೆ. ಅದು ಗಟ್ಟಿ ಆಕ್ಷೇಪ. ನಾನಾಗಿದ್ದರೆ ಅದಕ್ಕೆ ಮೂರು ಉತ್ತರ ಕೊಟ್ಟು ಮೂರರಲ್ಲೂ ಅವರನ್ನು ದೂರ ಮಾಡಿಕೊಳ್ಳುತ್ತಿದ್ದೆ. ಅವನು ಆಕ್ಷೇಪವನ್ನೇ ಒಪ್ಪಿಕೊಂಡ. ಸರಿ, ಅರ್ಧ ಸೌಟು ಹಾಕೋಣ, ಆದರೆ ಹಾಕಿದವನು ನಾಲ್ಕು ಎಲೆ ಮುಂದೆ ಹೋಗುವಷ್ಟರಲ್ಲಿ ಹಿಂದೆ ಇನ್ನೊಬ್ಬ ಬಂದು ಕೇಳಬೇಕು. ಉಣ್ಣುವವರು ತಲೆ ಎತ್ತಿ ಯಾರನ್ನೂ ಹುಡುಕಬಾರದು. ಬಡಿಸಲು ಜನ ಸಾಲದಿದ್ದರೆ ನಮ್ಮ ಕಾಲೇಜಿನವರು ಬರುತ್ತೇವೆ.

ಹಾಗೆ ಹನ್ನೆರಡು ಹುಡುಗರು, ಎಂಟು ಹುಡುಗಿಯರು ಒಂದು ಶುಕ್ರವಾರ ಆ ಛತ್ರದಲ್ಲಿ ಸೇರಿದೆವು. ನಾನೂ ಹೋದೆ. ಅವನು ಕರೆದ ಅಂತ ಎಲ್ಲರಿಗೂ ಹೇಳಿದೆ. ಹೋಗಿದ್ದು ಎಲ್ಲಿ ಎಡವುತ್ತಾನೆ ನೋಡೋಣ ಅಂತ. ಕೈಗೆ ಬಕೆಟ್ಟು ಸೌಟು ಕೊಟ್ಟು, ಅವನು ನಮಗೆ ಹೇಳಿದ್ದು ಒಂದೇ ಮಾತು.

"ಕಾಯಿಸಿದ್ರೆ ಜಿಪುಣತನ, ಕಾಯಿಸದೆ ಇದ್ರೆ ಮರ್ಯಾದೆ. ಅಷ್ಟು ನೆನಪಿಟ್ಕೊಳ್ಳಿ."

ನಲವತ್ತು ಸ್ಲೈಡು ಮಾಡಿದವನಿಗೆ ಇಂಥ ಒಂದು ವಾಕ್ಯ ಹೊಳೆದಿರಲಿಲ್ಲ. ನನ್ನ ಕೈಯಲ್ಲಿ ಹುಳಿಯ ಬಕೆಟ್ಟು, ಹೊಟ್ಟೆಯಲ್ಲಿ ಬೆಂಕಿ.

ಮೊದಲ ಪಂಕ್ತಿ ಶುರುವಾಯಿತು. ಅರ್ಧ ಸೌಟು ಪಲ್ಯ, ಅರ್ಧ ಸೌಟು ಹುಳಿ, ಹಿಂದೆಯೇ ಇನ್ನೊಬ್ಬರು ಬಂದು, ಇನ್ನೂ ಸ್ವಲ್ಪ ಹಾಕ್ಲಾ ಅಂತ ಕೇಳುವುದು. ಮೊದಲು ಜನ ಗೊಂದಲಗೊಂಡರು. ಯಾರೋ ಒಬ್ಬರು, ಏನಪ್ಪಾ ಕಾಲೇಜು ಹುಡುಗ್ರು ಸೌಟು ಹಿಡಿಯೋಕೂ ಸಿಲೆಬಸ್ ಮಾಡ್ಕೊಂಡಿದೀರಾ ಅಂತ ಕಿಚಾಯಿಸಿದರು. ಆದರೆ ಎರಡನೆಯ ಸುತ್ತಿಗೆ ಅವರ ಮುಖ ಬದಲಾಗಿತ್ತು. ತಮ್ಮನ್ನು ಯಾರೋ ಕೇಳುತ್ತಿದ್ದಾರೆ ಎನ್ನುವುದು ಮನುಷ್ಯರಿಗೆ ಇಷ್ಟು ಖುಷಿ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಬ್ಬ ಅಜ್ಜಿ ಎದ್ದು ಕೈತೊಳೆಯಲು ಹೋಗುವಾಗ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಯಾರ ಮಗನಪ್ಪಾ ನೀನು? ಎಷ್ಟು ವರ್ಷ ಆಗಿತ್ತೋ, ಮದ್ವೆ ಮನೇಲಿ ಎಲೆ ಕ್ಲೀನ್ ಮಾಡಿ ಎದ್ದು."

ಅವನು ಅಲ್ಲೇ ನಿಂತು, ಎಲೆಯಲ್ಲಿ ಬಿಟ್ಟದ್ದು ಊರಾಚೆ ಗುಡ್ಡೆಯಾಗಿ ಕೊಳೆತು ಹೇಗೆ ಗಾಳಿಗೆ ಸೇರುತ್ತದೆ, ಇಡೀ ಪ್ರಪಂಚದ ಎಲೆಗಳಲ್ಲಿ ಬಿಟ್ಟದ್ದೆಲ್ಲ ಸೇರಿದರೆ ಏನಾಗುತ್ತದೆ ಅಂತ ನಾಲ್ಕು ಮಾತಿನಲ್ಲಿ ಹೇಳಿದ. ಅಜ್ಜಿ ತಲೆಯಾಡಿಸುತ್ತಾ ಕೇಳಿದರು. ಅವರಿಗೆ ಮೀಥೇನ್ ಅರ್ಥವಾಯಿತು. ನಾನು ಪಕ್ಕದಲ್ಲೇ ಬಕೆಟ್ಟು ಹಿಡಿದು ನಿಂತಿದ್ದೆ. ಆ ಅಜ್ಜಿಯ ಕೈ ಅವನ ಮಣಿಕಟ್ಟಿನ ಮೇಲೆ ಇದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದೆ...

ಪಂಕ್ತಿಗಳೆಲ್ಲ ಮುಗಿದ ಮೇಲೆ ಎಲೆಗಳನ್ನು ಎತ್ತಿದಾಗ ತಿನ್ನದೆ ಬಿಟ್ಟದ್ದು ಎರಡು ಟಬ್ಬಿಗೂ ಬರಲಿಲ್ಲ. ಅದೇ ಛತ್ರದಲ್ಲಿ ಹಿಂದಿನ ವಾರ ಇಷ್ಟೇ ಜನರ ಮದುವೆಯಲ್ಲಿ ಆರು ಟಬ್ಬು ತುಂಬಿದ್ದನ್ನು ಅವನು ಮೊದಲೇ ನೋಡಿ ಬರೆದಿಟ್ಟುಕೊಂಡಿದ್ದ. ಮೇಡಂ ಫೋಟೋ ತೆಗೆದರು. ಹುಡುಗರು ಅವನನ್ನು ಎತ್ತಿ ಕುಣಿದರು. ನಾನೂ ಒಂದು ಕಾಲು ಹಿಡಿದುಕೊಂಡಿದ್ದೆ.

ಕೈಗೆಲ್ಲ ಹುಳಿ ಮೆತ್ತಿಕೊಂಡಿತ್ತು. ತೊಳೆಯಲು ಅಡುಗೆಮನೆಯ ಹಿಂದಿನ ನಲ್ಲಿಗೆ ಹೋದೆ. ಅಲ್ಲಿ ಭಟ್ಟರ ಕಡೆಯ ಇಬ್ಬರು ಒಂದು ದೊಡ್ಡ ಪಾತ್ರೆಯನ್ನು ಬಾಗಿಸಿ ಕಸದ ಡ್ರಮ್ಮಿಗೆ ಹುಳಿ ಸುರಿಯುತ್ತಿದ್ದರು. ಪಕ್ಕದಲ್ಲಿ ಅನ್ನದ ಪಾತ್ರೆ ಸರದಿಗೆ ಕಾಯುತ್ತಿತ್ತು. ಅದರ ಪಕ್ಕ ಪಲ್ಯದ್ದು. ಭಟ್ಟರು ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದರು. ನಾನು ಏನೂ ಕೇಳಿರಲಿಲ್ಲ.

"ಎಷ್ಟು ಜನ ಅಂತ ಹೇಳಿದಾರೋ ಅಷ್ಟಕ್ಕೆ ಅಡುಗೆ ಮಾಡಲೇಬೇಕಲ್ಲಪ್ಪ. ನೀವು ಅಲ್ಲಿ ಕಮ್ಮಿ ಬಡಿಸಿದ್ರಿ, ಇಲ್ಲಿ ಜಾಸ್ತಿ ಉಳೀತು."

ಯಾರಿಗಾದರೂ ಕೊಡಬಹುದಿತ್ತಲ್ಲ ಅಂದೆ. ಈ ಹೊತ್ತಿಗೆ ಯಾರು ಬಂದು ತೆಗೆದುಕೊಂಡು ಹೋಗುತ್ತಾರೆ, ಈ ಸೆಕೆಗೆ ಹುಳಿ ಆಗಲೇ ಕೆಟ್ಟಿದೆ ಅಂದರು. ಒಳಗಿನಿಂದ ಹುಡುಗರ ಕೇಕೆ ಕೇಳಿಸುತ್ತಿತ್ತು. ನಾಲ್ಕು ಟಬ್ಬಿನಷ್ಟು ಊಟ ಎಲೆಯಿಂದ ತಪ್ಪಿಸಿಕೊಂಡು, ಪಾತ್ರೆಯಿಂದ ಅದೇ ಡ್ರಮ್ಮಿಗೆ ಹೋಗುತ್ತಿತ್ತು. ಅವನು ಎಲೆಗಳನ್ನು ಮಾತ್ರ ನೋಡಿದ್ದ.

ಆ ಕ್ಷಣ ನನಗೆ ಏನನ್ನಿಸಿತು ಅಂತ ಪ್ರಾಮಾಣಿಕವಾಗಿ ಹೇಳುತ್ತೇನೆ. ಅಷ್ಟು ಅನ್ನ ಹಾಳಾಯಿತಲ್ಲ ಅಂತ ಅನ್ನಿಸಲಿಲ್ಲ. ಚರ್ಚೆಯಲ್ಲಿ ಎದುರಾಳಿ ತನಗೇ ಗೊತ್ತಿಲ್ಲದೆ ಒಂದು ತಪ್ಪು ಹೇಳಿಬಿಟ್ಟಾಗ, ಅದು ನಿಮಗೊಬ್ಬರಿಗೇ ಕಂಡಾಗ, ಬೆನ್ನುಹುರಿಯಲ್ಲಿ ಒಂದು ಸಣ್ಣ ನಡುಕ ಏಳುತ್ತದೆ. ಅದು ಎದ್ದಿತು. ಕೈ ತೊಳೆದುಕೊಂಡು ಒಳಗೆ ಹೋದೆ. ಯಾರಿಗೂ ಹೇಳಲಿಲ್ಲ.

ಮಂಡನೆಗೆ ಮೂರು ದಿನ ಮುಂಚೆ ಅವನು ನನ್ನನ್ನು ಪಾರ್ಕಿಗೆ ಕರೆದ. ಇಬ್ಬರೂ ಸ್ಪರ್ಧಿಗಳು, ಆದರೂ ಕರೆದ. ನೀನು ವಿರೋಧ ಆಗು, ನನ್ನನ್ನು ಮುರಿ, ಆಮೇಲೆ ನಿನ್ನದನ್ನು ನಾನು ಮುರಿಯುತ್ತೇನೆ ಅಂದ. ನಾನು ಮುರಿದೆ. ಒಂದು ಮದುವೆ ಇಟ್ಟುಕೊಂಡು ಇಡೀ ಪ್ರಪಂಚದ ಮಾತಾಡುತ್ತೀಯಲ್ಲ ಅಂದೆ. ಕಾಲೇಜು ಹುಡುಗರು ಎಷ್ಟು ದಿನ ಬಿಟ್ಟಿ ಬಡಿಸುತ್ತಾರೆ ಅಂದೆ. ಬಫೆ ಊಟದಲ್ಲಿ ಏನು ಮಾಡುತ್ತೀಯ ಅಂದೆ. ಒಂದೊಂದಕ್ಕೂ ಅವನು ಬರೆದುಕೊಂಡು ಉತ್ತರ ಹುಡುಕಿದ. ಕೊನೆಗೆ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದ.

"ಅಷ್ಟೇನಾ ಮಗಾ? ಇನ್ನೇನಾದ್ರೂ ಇದೆಯಾ?"

"ಅಷ್ಟೇ," ಅಂದೆ.

ಆಮೇಲೆ ಅವನು ನನ್ನ ನಲವತ್ತು ಸ್ಲೈಡುಗಳನ್ನು ಹದಿನಾಲ್ಕಕ್ಕೆ ಇಳಿಸಿದ. ಪ್ರತಿಯೊಂದರ ಕೊನೆಗೂ ಕೇಳುವವನು ನಾಳೆಯಿಂದ ಮಾಡಬಹುದಾದ ಒಂದು ಕೆಲಸ ಸೇರಿಸಿಕೊಟ್ಟ. ಕತ್ತಲಾಗುವವರೆಗೆ ಕೂತು ಮಾಡಿಕೊಟ್ಟ. ನನ್ನ ಮಂಡನೆ ಚೆನ್ನಾಗಿ ಆದದ್ದು ಅದರಿಂದಲೇ.

ಆ ದಿನ ಸಭಾಂಗಣ ತುಂಬಿತ್ತು. ನನ್ನದು ಮೊದಲು ಮುಗಿಯಿತು, ಚಪ್ಪಾಳೆ ಬಂತು. ಅವನು ಒಂದು ಬಕೆಟ್ಟು, ಒಂದು ಸೌಟು ಹಿಡಿದುಕೊಂಡು ವೇದಿಕೆ ಹತ್ತಿದ. ಮೇಡಂ ತೆಗೆದ ಫೋಟೋಗಳನ್ನು ತೋರಿಸಿದ. ಅವನು ಮಾತಾಡುವಾಗ ಜನ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನನ್ನದಕ್ಕೆ ಯಾರೂ ಬಾಗಿರಲಿಲ್ಲ, ಬೆನ್ನು ಒರಗಿಸಿಕೊಂಡು ಮೆಚ್ಚಿದ್ದರು. ಅದೂ ನನ್ನ ಕಣ್ಣಿಗೆ ಬಿತ್ತು. ಪ್ರಶ್ನೆಗಳ ಸಮಯ ಬಂದಾಗ ಕೈ ಎತ್ತಿದೆ. ಮೈಕ್ ಬಂತು.

"ಎಲೆಯ ಮೇಲೆ ಉಳಿಯಲಿಲ್ಲ, ಒಪ್ಪಿದೆ. ಹಾಗಾದರೆ ಪಾತ್ರೆಯಲ್ಲಿ ಉಳಿದದ್ದು ಎಲ್ಲಿಗೆ ಹೋಯಿತು? ಅಡುಗೆ ಕಡಿಮೆ ಮಾಡಿದ್ದರೋ, ಬಡಿಸಿದ್ದು ಮಾತ್ರ ಕಡಿಮೆಯೋ?"

ಅಭ್ಯಾಸ ಮಾಡಿದ ಧ್ವನಿ. ಒಂದು ಅಕ್ಷರವೂ ತಡವರಿಸಲಿಲ್ಲ. ಅವನು ಸೌಟನ್ನು ಬಕೆಟ್ಟಿನೊಳಗೆ ಇಟ್ಟ. ಅವನು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾನಾಗಿದ್ದರೆ ನಾಲ್ಕು ದಾರಿ ಹುಡುಕುತ್ತಿದ್ದೆ.

"ನೋಡ್ಲಿಲ್ಲ," ಅಂದ. "ನಾನು ಎಲೆ ಮಾತ್ರ ನೋಡ್ದೆ."

ಹಾಗಾದರೆ ಉಳಿತಾಯವಾಯಿತು ಅಂತ ಹೇಳಿದ್ದು ತಪ್ಪಲ್ಲವೇ ಅಂತ ತೀರ್ಪುಗಾರರು ಕೇಳಿದರು. ಹೌದು ಸರ್, ತಪ್ಪು ಅಂದ. ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ತಿರುಗಿದ ನಾನು ಆ ಮಾತನ್ನು ವೇದಿಕೆಯ ಮೇಲೆ ಯಾರ ಬಾಯಲ್ಲೂ ಕೇಳಿರಲಿಲ್ಲ.

ದೆಹಲಿಗೆ ನನ್ನ ಹೆಸರು ಬಂತು. ಸಂಜೆ ಮೆಟ್ಟಿಲ ಹತ್ತಿರ ಅವನು ಸಿಕ್ಕಿ ನನ್ನ ಬೆನ್ನಿಗೆ ಗುದ್ದಿದ. ಒಳ್ಳೇ ಪ್ರಶ್ನೆ ಮಗಾ, ನಂಗೆ ಹೊಳೀಲೇ ಇಲ್ಲ, ನಿಂಗೆ ಯಾವಾಗ ಹೊಳೀತು ಅಂದ. ಆಗಲಾದರೂ ನಿಜ ಹೇಳಬಹುದಿತ್ತು. ಅಲ್ಲೇ, ನೀನು ಮಾತಾಡ್ತಿರುವಾಗ ಹೊಳೀತು ಅಂದೆ. ಅವನು ನಂಬಿದ. ನನ್ನ ಮಾತನ್ನು ನಂಬದಿರಲು ಅವನಿಗ್ಯಾವ ಕಾರಣವೂ ಇರಲಿಲ್ಲ.

ದೆಹಲಿಯಲ್ಲಿ ಚೆನ್ನಾಗಿಯೇ ಮಾತಾಡಿದೆ. ಮೊದಲ ಹತ್ತು ನಿಮಿಷ ಎಲ್ಲರೂ ಮೊಬೈಲ್ ನೋಡುತ್ತಿದ್ದರು. ತಡೆಯಲಾರದೆ ಅರ್ಧ ಸೌಟಿನ ಕಥೆ ಹೇಳಿದೆ, ನಮ್ಮ ಕಾಲೇಜಿನಲ್ಲಿ ಹೀಗೊಂದು ಪ್ರಯತ್ನ ಮಾಡಿದೆವು ಅಂತ. ಮೊಬೈಲುಗಳು ಕೆಳಗಿಳಿದವು. ದೂರದ ದೇಶದ ಒಬ್ಬಳು ಹುಡುಗಿ ಎದ್ದು ಬಂದು, ಆ ಸೌಟನ್ನು ಹೇಗೆ ಹಿಡಿಯುವುದು ತೋರಿಸು ಅಂತ ಕೇಳಿದಳು. ತೋರಿಸಿದೆ. ಅಲ್ಲಿ ಬಂದ ಅಷ್ಟೂ ಚಪ್ಪಾಳೆ ಅವನದು. ಸಾವಿರ ಮೈಲಿ ದೂರ, ಅವನಿಲ್ಲದ ಕೋಣೆಯಲ್ಲೂ ಅವನೇ ಗೆದ್ದ.

ಅಷ್ಟರಲ್ಲಿ ಇಲ್ಲಿ ಅವನು ಮತ್ತೆ ಭಟ್ಟರ ಹತ್ತಿರ ಹೋಗಿ ಕೂತಿದ್ದ. ಈ ಸಲ ಬಡಿಸುವುದಲ್ಲ, ಅಡುಗೆಯ ಪಟ್ಟಿ. ಇಷ್ಟು ಜನಕ್ಕೆ ಇಷ್ಟು ಅಕ್ಕಿ, ಇಷ್ಟು ಬೇಳೆ ಅಂತ ಅವರು ಕಣ್ಣಳತೆಯಲ್ಲಿ ಬರೆಸುವ ಪಟ್ಟಿಯನ್ನು ಹೇಗೆ ಕಡಿಮೆ ಮಾಡುವುದು, ಮದುವೆ ಮನೆಯವರನ್ನು ಹೇಗೆ ಒಪ್ಪಿಸುವುದು, ಊಟ ಸಾಲದೆ ಹೋದರೆ ಅರ್ಧ ಗಂಟೆಯಲ್ಲಿ ಏನು ಮಾಡಿ ಹಾಕಬಹುದು. ಅದು ನಿಜವಾದ, ಕಷ್ಟದ, ಯಾರೂ ಫೋಟೋ ತೆಗೆಯದ ಕೆಲಸ. ಅಲ್ಲಿ ಬೀನ್ಸ್ ಹೆಚ್ಚುತ್ತಾ ಕೂತಾಗಲೇ ಭಟ್ಟರು ಸಹಜವಾಗಿ ಹೇಳಿದ್ದಾರೆ, ಆವತ್ತು ನಾವು ಉಳಿದದ್ದನ್ನು ಸುರಿಯುವಾಗ ನಿನ್ನ ಸ್ನೇಹಿತ ಹಿಂದುಗಡೆ ನಿಂತು ನೋಡುತ್ತಿದ್ದನಲ್ಲ, ಅವನೇ ಹೇಳಿರಬೇಕಲ್ಲ ಅಂತ.

ನಾನು ವಾಪಸ್ಸು ಬಂದ ವಾರ ಮಲ್ಲೇಶ್ವರದ ಕಾಲೇಜೊಂದರಲ್ಲಿ ವರ್ಷದ ಕೊನೆಯ ಸ್ಪರ್ಧೆ. ಅಭ್ಯಾಸಕ್ಕೆ ಅಂತ ಪಾರ್ಕಿಗೆ ಹೋದೆ. ಅವನು ಪುಸ್ತಕ ತಂದಿರಲಿಲ್ಲ. ಭಟ್ಟರು ಹೇಳಿದ್ದನ್ನು ಹೇಳಿದ. ಧ್ವನಿ ಏರಿಸಲಿಲ್ಲ.

ನಾನು ಏರಿಸಿದೆ. ಏನು ವಾದ ಮಾಡಿದೆ ಅಂತ ಕೇಳಬೇಡಿ. ಸ್ಪರ್ಧೆ ಅಂದರೆ ಸ್ಪರ್ಧೆ ಅಂದೆ, ಇಬ್ಬರೂ ಒಂದೇ ಸೀಟಿಗೆ ನಿಂತಮೇಲೆ ಜೋಡಿಯ ಕಟ್ಟಳೆ ಎಲ್ಲಿಯದು ಅಂದೆ, ನಿನ್ನ ಕೆಲಸದಲ್ಲಿ ತಪ್ಪಿದ್ದರೆ ಅದು ನನ್ನ ತಪ್ಪೇ ಅಂದೆ. ಕೊನೆಗೆ ನನ್ನ ದೊಡ್ಡ ಅಸ್ತ್ರ ಬಿಟ್ಟೆ.

"ಪ್ರಶ್ನೆ ತಪ್ಪಿತ್ತಾ, ಅದು ಹೇಳು."

"ಪ್ರಶ್ನೆ ಸರಿ ಇತ್ತು," ಅಂದ. "ಮೂರು ದಿನ ಮುಂಚೆ ಕೇಳಿದ್ರೂ ಸರೀನೇ ಇರ್ತಿತ್ತು."

ಜೂನಿಯರ್ ಯಾರನ್ನಾದರೂ ಕರೆದುಕೊಂಡು ಹೋಗು ಅಂತ ಹೇಳಿ ಅವನು ಎದ್ದ. ಮಲ್ಲೇಶ್ವರಕ್ಕೆ ಒಬ್ಬ ಜೂನಿಯರ್ ಜೊತೆ ಹೋದೆ. ಅತ್ಯುತ್ತಮ ಭಾಷಣಕಾರ ಬಹುಮಾನ ನನಗೇ ಬಂತು. ಶೀಲ್ಡ್ ಬೇರೆ ಕಾಲೇಜಿಗೆ ಹೋಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನ್ನದಾಗಿತ್ತು. ಹಿಂದೆಲ್ಲ ಆ ಸೀಟಿಗಾಗಿಯೂ ನಾವಿಬ್ಬರೂ ವಾದ ಮಾಡುತ್ತಿದ್ದೆವು...

ಪರೀಕ್ಷೆ ಬಂತು, ಕಾಲೇಜು ಮುಗಿಯಿತು. ಒಂದೆರಡು ಸಲ ದೂರದಿಂದ ಕಂಡ, ತಲೆಯಾಡಿಸಿದ. ಗಾಂಧಿ ಬಜಾರಿನಲ್ಲಿ ಅವನ ತಾಯಿ ಕೂರುವ ಕಡೆ ಹೋಗದೆ, ಏಳು ವರ್ಷ ಅಂಗಡಿಸಾಲಿನ ಈ ತುದಿಯಲ್ಲೇ ಸೊಪ್ಪು ಕೊಂಡು ತಿರುಗಿದ್ದೇನೆ. ಈಗ ನಾನು ವಕೀಲ. ಗೊತ್ತಿರುವುದನ್ನು ಯಾವಾಗ ಹೇಳಬೇಕು, ಯಾವಾಗ ಹೇಳಬಾರದು ಎಂಬುದರ ಮೇಲೆ ನನ್ನ ವೃತ್ತಿ ನಿಂತಿದೆ. ಅದರಲ್ಲಿ ನನಗೆ ಒಳ್ಳೆಯ ಹೆಸರೂ ಇದೆ. ಆದರೆ ನಾನು ಬರೆದ ವಾದವನ್ನು ಓದಿ, ಇಲ್ಲಿ ತೂತಿದೆ ಕಣೋ ಅಂತ ಮುಖಕ್ಕೆ ಹೇಳುವ ಒಬ್ಬರೂ ನನಗಿಲ್ಲ. ನನ್ನ ತೂತುಗಳು ಈಗ ಎದುರಿನ ವಕೀಲರಿಗೇ ಮೊದಲು ಕಾಣುತ್ತವೆ.

ಹೋದ ಭಾನುವಾರ ಆ ಛತ್ರದ ಹಿಂದೆ ನಿಂತವನು ಮನೆಗೆ ಹೋಗಲಿಲ್ಲ. ನೇರ ಗಾಂಧಿ ಬಜಾರಿಗೆ ನಡೆದೆ. ಅವನಿಗೆ ಹೇಳಲಾಗದ್ದನ್ನು ಅವನ ತಾಯಿಗಾದರೂ ಹೇಳಿಬಿಡಬೇಕು ಅನ್ನಿಸಿತ್ತು. ಅವರು ಅಲ್ಲೇ ಇದ್ದರು, ಮೆಂತ್ಯದ ಕಟ್ಟುಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಾ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು. ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಬಾಪ್ಪ. ಎಷ್ಟು ವರ್ಷ ಆಯ್ತು. ನಿನ್ ಮಾತು ಈಗ್ಲೂ ಆಡ್ತಾನೆ ನಮ್ ಹುಡ್ಗ."

ಏನಂತಾನೆ ಅಂತ ಕೇಳಲು ನನಗೆ ಧೈರ್ಯವಿರಲಿಲ್ಲ. ಅವರೇ ಹೇಳಿದರು. ಮಗ ಈಗ ಕಲಬುರಗಿ ಕಡೆ ಇದ್ದಾನೆ, ಹಾಸ್ಟೆಲುಗಳ ಅಡುಗೆಮನೆಗಳಲ್ಲಿ ಎಷ್ಟು ಬೇಯಿಸಬೇಕು, ಉಳಿದದ್ದನ್ನು ಏನು ಮಾಡಬೇಕು ಅಂತ ಹೇಳಿಕೊಡುವ ಕೆಲಸ. ವರ್ಷಕ್ಕೊಮ್ಮೆ ಬರುತ್ತಾನೆ. ಬಂದಾಗೆಲ್ಲ ಈ ಕೆಲಸ ಶುರುವಾದ ಕಥೆ ಹೇಳುತ್ತಾನಂತೆ.

"ನನ್ ತಪ್ಪನ್ನ ಎಲ್ರ ಮುಂದೆ ಎದ್ದು ಹೇಳ್ದೋನು ಅವನೊಬ್ನೇ ಕಣಮ್ಮ ಅಂತಾನೆ. ಅವ್ನು ಕೇಳ್ದೆ ಇದ್ದಿದ್ರೆ ದಿಲ್ಲೀಗೋಗಿ ಸುಳ್ಳು ಹೇಳ್ಬರ್ತಿದ್ದೆ ಅಂತಾನೆ. ಅಂಥ ಸ್ನೇಹಿತ್ರು ಎಲ್ಲಿ ಸಿಗ್ತಾರಪ್ಪ."

ಮೂರು ದಿನ ಮುಂಚೆ ಪಾರ್ಕಿನಲ್ಲಿ ನಾನು ಬಚ್ಚಿಟ್ಟ ವಿಷಯ ಅವನು ಮನೆಯಲ್ಲಿ ಹೇಳಿರಲಿಲ್ಲ. ನನ್ನ ಕಥೆಯನ್ನೂ ಅವನು ನನಗಿಂತ ಚೆನ್ನಾಗಿ ಹೇಳಿಬಿಟ್ಟಿದ್ದ. ಅದರಲ್ಲಿ ನಾನು ಎಷ್ಟು ಒಳ್ಳೆಯವನಾಗಿದ್ದೆ ಅಂದರೆ ಆ ಕಥೆಯೊಳಗಿನ ನನ್ನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅದು ಹಾಗಲ್ಲಮ್ಮ ಅಂತ ಬಾಯಿ ತೆರೆದೆ. ಅವರು ಮುಖ ಎತ್ತಿ ನೋಡುತ್ತಿದ್ದರು. ಮಗನ ಸ್ನೇಹಿತನನ್ನು ನೋಡುವ ಹಾಗೆ. ಆ ನೋಟವನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಒಂದು ಕಟ್ಟು ಮೆಂತ್ಯ ಕೊಡಿ ಅಂದೆ.

ಕೊಟ್ಟರು. ಹೊರಡುವಾಗ ಮೊಬೈಲ್ ಎತ್ತಿಕೊಂಡು ಕೇಳಿದರು.

"ಅವನ ನಂಬರ್ ಇದೆಯೇನಪ್ಪ? ಹೊಸದು ತಗೊಂಡಿದಾನೆ, ಕೊಡ್ಲಾ?"

"ಇದೆಯಮ್ಮ," ಅಂದೆ.

ನನ್ನ ಹತ್ತಿರ ಇದ್ದದ್ದು ಹಳೆಯ ನಂಬರು. ಎರಡು ವರ್ಷದ ಹಿಂದೆ ಒಮ್ಮೆ ಅದಕ್ಕೆ ಫೋನ್ ಮಾಡಿದ್ದೆ. ಯಾರೋ ಬೇರೆಯವರು ಎತ್ತಿಕೊಂಡು, ಯಾರು ಬೇಕಿತ್ತು ಅಂತ ಕೇಳಿದರು. ಹೇಳದೆ ಇಟ್ಟೆ.